ಬೆಳಕಿನಿಂದ ವೇಗದ ಅಳತೆ

ದೂರವೂ ಕಾಲವೂ ತಿಳಿದರೆ ವೇಗ ತಿಳಿಯುವುದೆಂಬುದು ಶಾಲಾಬಾಲಕರಿಗೂ ಪರಿಚಿತವಾದ ಮಾತು. ಆದರೆ ಮೈಲಿಗಲ್ಲುಗಳಿಲ್ಲದ ಆಕಾಶದಿಂದ ಇಳಿಯುವ ನೌಕೆಯು ತನ್ನ ವೇಗವನ್ನು ಅರಿಯುವ ಬಗೆ ಹೇಗೆ? 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ ನೌಕೆಯು ಚಂದ್ರನ ನೆಲಕ್ಕೆ ಅಪ್ಪಳಿಸಿದ ಮೇಲೆ ಈ ಪ್ರಶ್ನೆಗೆ ವಿಶೇಷ ಮಹತ್ತ್ವ ಒದಗಿತು. ಇತರ ಸುಧಾರಣೆಗಳೊಡನೆ, ಚಂದ್ರಯಾನ-3ರಲ್ಲಿ ಲೇಸರ್ ಡಾಪ್ಲರ್ ವೇಗಮಾಪಕವನ್ನು ಹೊಸದಾಗಿ ಅಳವಡಿಸಲಾಯಿತು.

ಇದರ ಮೂಲತತ್ತ್ವವನ್ನು 1842ರಲ್ಲಿ ಆಸ್ಟ್ರಿಯದ ಡಾಪ್ಲರ್ ಎಂಬ ವಿದ್ವಾಂಸನು ನಿರೂಪಿಸಿದನು. ಕೊಳ್ಳೇಗಾಲದಿಂದ ಹನೂರಿಗೆ ಸಾಗುವ ಬಸ್ಸಿನ ಹಾರನ್ನಿನ ದನಿಯು ಸಮೀಪಿಸುವಾಗ ಏರುಶ್ರುತಿಯಲ್ಲಿದ್ದು, ದಾಟಿದೊಡನೆ ಇಳಿಯುವುದನ್ನು ದಾರಿಬದಿಯಲ್ಲಿ ನಿಂತವರೆಲ್ಲರೂ ಬಲ್ಲರು. ಬೆಳಕಿಗೂ ಇದೇ ಧರ್ಮ. ನೌಕೆಯಿಂದ ಹೊರಟ ಲೇಸರ್ ಕಿರಣವು ನೆಲವನ್ನು ತಾಕಿ ಮರಳಿದಾಗ ಅದರ ಕಂಪನಸಂಖ್ಯೆಯು ಬದಲಾಗಿರುತ್ತದೆ. ಸೆಕೆಂಡಿಗೆ 1 ಮೀಟರ್ ವೇಗಕ್ಕೆ ಈ ವ್ಯತ್ಯಾಸವು ನೂರು ಕೋಟಿಯಲ್ಲಿ ಸುಮಾರು 7 ಪಾಲು ಮಾತ್ರ!

ಇಷ್ಟು ಸೂಕ್ಷ್ಮವಾದುದನ್ನು ನೇರವಾಗಿ ಅಳೆಯಲಾಗದು. ಆದಕಾರಣ ಮರಳಿದ ಬೆಳಕನ್ನು ಮೂಲದ ಬೆಳಕಿನೊಡನೆ ಬೆರೆಸುತ್ತಾರೆ. ಶ್ರುತಿ ತುಸು ತಪ್ಪಿದ ತಂಬೂರಿಯ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದರೆ ನಾದವು ಅಲೆಯಲೆಯಾಗಿ ಏರಿಳಿಯುವಂತೆ, ಬೆರೆತ ಬೆಳಕೂ ಏರಿಳಿಯುತ್ತದೆ. ಆ ಏರಿಳಿತಗಳನ್ನು ಎಣಿಸಿದರೆ ವೇಗ ದೊರೆಯುತ್ತದೆ. ಲೇಸರ್ ಬೆಳಕು ಏಕಶ್ರುತಿಯುಳ್ಳದ್ದಾದುದರಿಂದಲೇ ಇದು ಸಾಧ್ಯ. ಬೇರೆ ಬೇರೆ ದಿಕ್ಕುಗಳಿಗೆ ಕಿರಣಗಳನ್ನು ಹಾಯಿಸಿದರೆ ಇಳಿವೇಗದೊಡನೆ ಅಡ್ಡವೇಗವೂ ತಿಳಿಯುತ್ತದೆ.

2023ರ ಆಗಸ್ಟ್ 23ರ ಸಂಜೆ, ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ವಿಜ್ಞಾನಿಗಳು ನೋಡುತ್ತಿದ್ದಂತೆಯೇ ನೂತನ ವಿಕ್ರಮವು ಚಂದ್ರನ ನೆಲದ ಮೇಲೆ ಮೃದುವಾಗಿ ಇಳಿಯಿತು. ಸೋಲಿನ ಕಾರಣವನ್ನು ಅರಸಿ ಕೊರತೆಯನ್ನು ತುಂಬಿಕೊಳ್ಳುವುದು ವಿದ್ಯೆಯ ಮಾರ್ಗ. ವಿದ್ಯಾರ್ಥಿಗಳಿಗೆ ಈ ಪ್ರಸಂಗವು ಬೋಧಿಸುವ ಪಾಠವೂ ಅದೇ.