ಎದುರು ಮಾತಿನ ಕಸುಬು

ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ಘೋಡ್ ನದಿಯ ದಂಡೆಯ ಮೇಲೆ ಶಿರೂರು ಇದೆ. ಈ ಸೀಮೆಗೆ ನಗೆ ಎರಡು ದಾರಿಯಲ್ಲಿ ಬಂತು. ಜಾತ್ರೆಯ ದಿನಗಳಲ್ಲಿ ನಾರಾಯಣಗಾಂವದ ಕಡೆಯ ತಮಾಷಾ ಮೇಳಗಳು ಹೊತ್ತು ತಂದದ್ದು ಒಂದು. ಮುಂಬಯಿ ಆಕಾಶವಾಣಿಯಿಂದ, 1953ರ ನಂತರ ಪುಣೆ ಕೇಂದ್ರದಿಂದಲೂ, ಕೇಳಿಬಂದದ್ದು ಇನ್ನೊಂದು. ತಮಾಷಾ ಕಣ್ಣ ಮುಂದೆ ಕುಣಿಯುತ್ತದೆ, ರೇಡಿಯೊ ಕಣ್ಣಿಗೇ ಬೀಳುವುದಿಲ್ಲ. ಆದರೂ ಎರಡರ ಕಸುಬೂ ಒಂದೇ. ಮುಖ್ಯ ಪಾತ್ರ ತನ್ನ ಮಾತು ಮುಗಿಸಿ, ಪಕ್ಕದವರು ಬಾಯಿ ತೆರೆದಾಗ ನಗೆ ಏಳುತ್ತದೆ.

ತಮಾಷಾದ ಗೌಳಣ ಭಾಗವನ್ನೇ ನೋಡಿ. ಹಾಲು ಮೊಸರು ಹೊತ್ತು ಮಥುರೆಯ ಸಂತೆಗೆ ಹೊರಟ ಗೊಲ್ಲತಿಯರನ್ನು ಕೃಷ್ಣ ಅಡ್ಡಗಟ್ಟುತ್ತಾನೆ. ಅವನ ಬೆನ್ನಿಗೆ ಗೆಳೆಯ ಪೆಂದ್ಯಾ. ಗೊಲ್ಲತಿಯರ ಪರವಾಗಿ ವಾದಕ್ಕೆ ನಿಲ್ಲುವವಳು ಮಾವಶಿ. ಸೀರೆಯುಟ್ಟ ಗಂಡಸು ಮಾಡುವ ಪಾತ್ರ ಅದು. ಸುಂಕ ಕೇಳುತ್ತಿರುವವನು ಸಾಕ್ಷಾತ್ ದೇವರು, ಮಾವಶಿ ಮಾತ್ರ ಅವನನ್ನು ಓಣಿಯ ಪೋರನಂತೆ ಗದರಿಸುತ್ತಾಳೆ. ಇಲ್ಲಿ ಕಷ್ಟದ ಕೆಲಸ ಕೃಷ್ಣನದು ಎಂದು ನನಗನಿಸುತ್ತದೆ. ಅವನು ನಗಬಾರದು, ಗತ್ತು ಬಿಡಬಾರದು. ಅವನು ಒಮ್ಮೆ ಸಡಿಲಾದರೆ, ಚೆಂಡು ಪುಟಿಯಲು ಗೋಡೆಯೇ ಇಲ್ಲದಂತಾಗಿ ಮಾವಶಿಯ ಮಾತು ಬಿದ್ದಲ್ಲೇ ಬೀಳುತ್ತದೆ. ಮುಂದೆ ಬರುವ ಕಥಾಭಾಗವಾದ ವಗನಾಟ್ಯದಲ್ಲಿ ರಾಜನ ಎದುರು ನಿಲ್ಲುವ ವಿದೂಷಕ ಸೋಂಗಾಡ್ಯಾನಿಗೂ ಇದೇ ಆಸರೆ ಬೇಕು. ನಮ್ಮ ದೊಡ್ಡಾಟದ ಸಾರಥಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ತಾವು ಯಾರು, ಎಲ್ಲಿಂದ ಬಂದಿರಿ ಎಂದು ಸಾರಥಿ ಕೇಳಿದರೇನೇ ಅಲ್ಲಿ ರಾಜನ ಪ್ರತಾಪ ಹೊರಬೀಳುವುದು.

ರೇಡಿಯೊದಲ್ಲಿ ಸೀರೆಯೂ ಇಲ್ಲ, ಕಿರೀಟವೂ ಇಲ್ಲ. ಮುಂಬಯಿ ಆಕಾಶವಾಣಿಯ ‘ಪುನ್ಹಾ ಪ್ರಪಂಚ’ ಮರಾಠಿ ಮನೆಗಳಲ್ಲಿ ಮನೆಮಾತಾಗಿದ್ದ ಸರಣಿ. ಪ್ರಭಾಕರ ಜೋಶಿಯವರ ಪಂತ, ನೀಲಮ್ ಪ್ರಭು ಅವರ ಮೀನಾವಹಿನಿ, ಬಾಳ ಕುಡತರಕರ ಅವರ ಟೇಕಾಡೆ ಭಾವಜಿ. ಮೂರೇ ದನಿಗಳಲ್ಲಿ ಒಂದಿಡೀ ಸಂಸಾರ ನಿಲ್ಲುತ್ತಿತ್ತು. ಗಂಡ ಹೆಂಡತಿ ಇಬ್ಬರೇ ಇದ್ದರೆ ವಾದ ಅತ್ತಿತ್ತ ಆಡಿ ಬೇಗ ಸೋತುಹೋಗುತ್ತದೆ. ಮೂರನೆಯವನು ಬಂದು ಕೂತನೋ, ಯಾರು ಯಾರ ಕಡೆ ಎಂಬುದು ಗಳಿಗೆಗೊಮ್ಮೆ ಬದಲಾಗುತ್ತದೆ. ಅದಕ್ಕೇ ಭಾವಜಿಯಂಥ ಪಾತ್ರ ಬೇಕು. ವಹಿನಿ (ಅತ್ತಿಗೆ), ಭಾವಜಿ (ಮೈದುನ) ಎಂದು ಮಾತುಮಾತಿಗೂ ಕರೆಯುವುದರಿಂದ ಯಾರು ಯಾರೊಡನೆ ಆಡುತ್ತಿದ್ದಾರೆಂಬುದೂ ಕೇಳುಗರಿಗೆ ತಪ್ಪುವುದಿಲ್ಲ.

ಸ್ಟುಡಿಯೊದೊಳಗಿನ ಕೆಲಸ ಇನ್ನೂ ಸೂಕ್ಷ್ಮ. ಹೊರಗಿನಿಂದ ಬರುವ ಪಾತ್ರ ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ಮಾತು ಶುರುಮಾಡಿ, ಆಡುತ್ತಾಡುತ್ತಲೇ ಹತ್ತಿರ ಬರುತ್ತದೆ. ಆ ನಾಲ್ಕು ಹೆಜ್ಜೆಯಲ್ಲಿ ಕೇಳುಗರ ಮನಸ್ಸಿನಲ್ಲಿ ಹೊಸ್ತಿಲು, ಪಡಸಾಲೆ, ಕುರ್ಚಿ ಎಲ್ಲ ಮೂಡಿಬಿಡುತ್ತವೆ. ಕೈಲಿರುವ ಹಾಳೆ ಸರಿದ ಸದ್ದು ಕೇಳಿತೋ, ಆ ಮನೆ ಅಲ್ಲಿಗೇ ಕುಸಿಯಿತು.

ಪಕ್ಕದವರಿಂದ ನಗೆ ಏಳಿಸುವ ಈ ವಿದ್ಯೆಯನ್ನು ತುತ್ತತುದಿಗೆ ಒಯ್ದವನು ಅಮೆರಿಕದ ರೇಡಿಯೊ ಹಾಸ್ಯಗಾರ ಜಾಕ್ ಬೆನ್ನಿ. 1948ರ ಮಾರ್ಚ್ 28ರ ಪ್ರಸಾರದಲ್ಲಿ ಕಳ್ಳನೊಬ್ಬ ಅವನನ್ನು ತಡೆದು, ದುಡ್ಡೋ ಪ್ರಾಣವೋ ಎನ್ನುತ್ತಾನೆ. ಬೆನ್ನಿ ಸುಮ್ಮನಾಗುತ್ತಾನೆ. ಮೌನ ಬೆಳೆದಷ್ಟೂ ಸಭಿಕರ ನಗೆ ಏರುತ್ತದೆ. ಕಳ್ಳ ಮತ್ತೆ ಗದರಿದಾಗ, ಯೋಚನೆ ಮಾಡುತ್ತಿದ್ದೇನೆ ಎಂಬ ಉತ್ತರ. ಬಾಯಿಯನ್ನೇ ಬಿಡದ ಮನುಷ್ಯ ಅಷ್ಟು ನಗಿಸಿದ್ದು ಹೇಗೆ? ಸೇವಕ ರೋಚೆಸ್ಟರ್ ಆಗಿ ಎಡ್ಡಿ ಆಂಡರ್ಸನ್, ಜೊತೆಗೆ ಮೇರಿ ಲಿವಿಂಗ್‌ಸ್ಟನ್, ಡಾನ್ ವಿಲ್ಸನ್ ವರ್ಷಗಟ್ಟಲೆ ಅವನ ಜಿಪುಣತನವನ್ನು ಆಡಿಕೊಂಡು ಬಂದಿದ್ದರು. ಆ ಮೌನಕ್ಕೆ ಬೇಕಾದ ಅರ್ಥವನ್ನೆಲ್ಲ ಅವರು ಮೊದಲೇ ತುಂಬಿಟ್ಟಿದ್ದರು. ಆಂಡರ್ಸನ್ 1937ರಲ್ಲಿ ರೈಲಿನ ಪರಿಚಾರಕನ ಸಣ್ಣ ಪಾತ್ರಕ್ಕೆ ಬಂದವರು. ಕೇಳುಗರು ಮೆಚ್ಚಿದ್ದರಿಂದ ಕಾಯಮ್ಮಾಗಿ ಉಳಿದುಕೊಂಡರು. ಒಳ್ಳೆಯ ನಗೆಮಾತುಗಳನ್ನು ಸಂಗಡಿಗರಿಗೆ ಬಿಟ್ಟುಕೊಟ್ಟು ತಾನು ಗುರಿಯಾಗಿ ನಿಂತ ಬೆನ್ನಿಯ ಔದಾರ್ಯ ದೊಡ್ಡದು.

ನಮ್ಮ ಆಕಾಶವಾಣಿ ಕೇಂದ್ರಗಳು ನಾಟಕ ಕಲಾವಿದರ ಧ್ವನಿಪರೀಕ್ಷೆ ಮಾಡಿ ಒಬ್ಬೊಬ್ಬರಿಗೂ ದರ್ಜೆ ಕೊಡುತ್ತವೆ. ಅದು ಸರಿಯೇ. ಆದರೆ ಹಾಸ್ಯದ ಪಾತ್ರಗಳಿಗಾದರೂ ಇಬ್ಬರನ್ನು ಎದುರುಬದುರು ನಿಲ್ಲಿಸಿ, ಒಬ್ಬರು ಆಡುವಾಗ ಇನ್ನೊಬ್ಬರು ಹೇಗೆ ಕಾಯುತ್ತಾರೆ ಎಂಬುದನ್ನೂ ಪರೀಕ್ಷಿಸಬೇಕು.