ಹಲ್ಲು ಕಟ್ಟುವ ಊರು

ಮಂಗಳೂರು ನಗರ ಮತ್ತು ಅದರ ಅಂಚಿನಲ್ಲಿ ಐದು ದಂತ ವೈದ್ಯಕೀಯ ಕಾಲೇಜುಗಳಿವೆ. ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಮಣಿಪಾಲದವರದು, ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಸ್ಮಾರಕ ಕಾಲೇಜು ಮತ್ತು ಯೇನೆಪೋಯ, ಕುಂಟಿಕಾನದಲ್ಲಿ ಎ.ಜೆ., ಸುರತ್ಕಲ್ ದಾಟಿದರೆ ಮುಕ್ಕದಲ್ಲಿ ಶ್ರೀನಿವಾಸ. ಹುಳುಕು ತುಂಬಿಸಲು, ರೂಟ್ ಕೆನಾಲ್ ಮಾಡಿಸಲು, ಕ್ಯಾಪ್ ಹಾಕಿಸಲು, ಎಲ್ಲ ಉದುರಿದ ಮೇಲೆ ಹಲ್ಲು ಕಟ್ಟಿಸಿಕೊಳ್ಳಲು ಇಲ್ಲಿಗೆ ಕಾಸರಗೋಡು, ಬಂಟ್ವಾಳ, ಪುತ್ತೂರಿನ ಕಡೆಯಿಂದ ಬಸ್ಸು ಹತ್ತಿ ಬರುವವರಿದ್ದಾರೆ. ಗಲ್ಫ್‌ನಲ್ಲಿ ದುಡಿಯುವವರು ರಜೆಗೆ ಬಂದಾಗ ಮುಗಿಸಿಕೊಳ್ಳುವ ಕೆಲಸಗಳಲ್ಲಿ ಹಲ್ಲಿನದೂ ಒಂದು. ಆದರೆ 1985ಕ್ಕೆ ಮೊದಲು ಈ ಊರಿನಲ್ಲಿ ಒಂದೂ ದಂತ ಕಾಲೇಜು ಇರಲಿಲ್ಲ. ಅದಕ್ಕೂ ಹಿಂದಕ್ಕೆ ಹೋದರೆ, ನೋಯುವ ಹಲ್ಲಿಗೆ ಎಲ್ಲೆಡೆಯೂ ಇದ್ದದ್ದು ಒಂದೇ ದಾರಿ: ಕೀಳಿಸುವುದು.

ಕೀಳುವ ಮೊದಲು ಮನೆಮದ್ದು ನಡೆಯುತ್ತಿತ್ತು. ಕರಾವಳಿಯ ಮನೆಗಳಲ್ಲಿ ಮಾವಿನ ಎಲೆಯ ದಂಟಿನಿಂದ ಅಥವಾ ಉಮಿಕರಿಯಿಂದ ಹಲ್ಲುಜ್ಜುವುದು ರೂಢಿಯಾಗಿತ್ತು. ನೋವು ಬಂದರೆ ಲವಂಗ ಕಚ್ಚಿಕೊಳ್ಳುವುದು, ಇಲ್ಲವೇ ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಹುಳುಕಿನೊಳಗೆ ಇಡುವುದು. ಉಮಿಕರಿಯ ಒರಟುತನ ಹಲ್ಲಿನ ಎನಾಮೆಲ್ ಸವೆಸುತ್ತದೆಂದು ವೈದ್ಯರು ಈಗ ಬೇಡವೆನ್ನುತ್ತಾರೆ. ಲವಂಗದ ಕಥೆ ಬೇರೆ. ಅದರ ಎಣ್ಣೆಯಲ್ಲಿರುವ ಯೂಜಿನಾಲ್ ನರವನ್ನು ಮಂಕಾಗಿಸುತ್ತದೆ. ಅದೇ ಯೂಜಿನಾಲನ್ನು ಸತುವಿನ ಆಕ್ಸೈಡ್ ಪುಡಿಯೊಂದಿಗೆ ಕಲಸಿ ತಾತ್ಕಾಲಿಕ ಸಿಮೆಂಟ್ ಮಾಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಂತು. ಹಲ್ಲಿನ ಡಾಕ್ಟರ ಕೋಣೆಗೆ ಕಾಲಿಟ್ಟೊಡನೆ ಮೂಗಿಗೆ ಬಡಿಯುವ ವಾಸನೆ ಅಜ್ಜಿಯ ಲವಂಗದ ಡಬ್ಬಿಯದೇ.

ಹಲ್ಲಿನ ಉಪಕರಣಗಳು ನಮ್ಮಲ್ಲಿ ಹೊಸತೇನಲ್ಲ. ಸುಶ್ರುತ ಸಂಹಿತೆಯ ಶಸ್ತ್ರಗಳ ಪಟ್ಟಿಯಲ್ಲಿ ದಂತಶಂಕು ಇದೆ. ಆದರೆ ಹೋದ ಹಲ್ಲಿನ ಜಾಗದಲ್ಲಿ ಇನ್ನೊಂದನ್ನು ನಿಲ್ಲಿಸುವ ಕೆಲಸಕ್ಕೆ ಹಳೆಯ ಪುರಾವೆ ಸಿಗುವುದು ಇಟಲಿಯ ಎಟ್ರುಸ್ಕನ್ ಗೋರಿಗಳಲ್ಲಿ. ಅಲ್ಲಿಯ ಸಿರಿವಂತರು ಸುಮಾರು 2,600 ವರ್ಷಗಳ ಹಿಂದೆಯೇ ಚಿನ್ನದ ಪಟ್ಟಿಯಿಂದ ಪಕ್ಕದ ಹಲ್ಲುಗಳಿಗೆ ಕೃತಕ ಹಲ್ಲನ್ನು ಬಿಗಿಯುತ್ತಿದ್ದರು. ಆಮೇಲೆ ಬಹುಕಾಲ ಈ ವಿದ್ಯೆ ಮುಂದಕ್ಕೆ ಹೋಗಲಿಲ್ಲ. 1728ರಲ್ಲಿ ಪ್ಯಾರಿಸಿನ ಪಿಯೆರ್ ಫೋಶಾರ್ ಹಲ್ಲಿನ ಶಸ್ತ್ರವೈದ್ಯದ ಬಗ್ಗೆ ಎರಡು ಸಂಪುಟಗಳ ಗ್ರಂಥ ಬರೆದ ಮೇಲೆ ಇದು ಕಸುಬಿನಿಂದ ಶಾಸ್ತ್ರದ ಕಡೆಗೆ ಹೊರಳಿತು. ಆಗಲೂ ಕಟ್ಟುವ ಹಲ್ಲು ಬರುತ್ತಿದ್ದದ್ದು ಆನೆಯ ದಂತದಿಂದ, ನೀರಾನೆಯ ಕೋರೆಯಿಂದ ಅಥವಾ ಇನ್ನೊಬ್ಬ ಮನುಷ್ಯನ ಬಾಯಿಂದ. 1815ರ ವಾಟರ್‌ಲೂ ಕದನದ ನಂತರ ಸತ್ತ ಸೈನಿಕರ ಹಲ್ಲುಗಳನ್ನು ಕಿತ್ತು ಮಾರಿದ್ದರಿಂದ ಅಂಥ ಸೆಟ್ಟುಗಳಿಗೆ ‘ವಾಟರ್‌ಲೂ ಹಲ್ಲು’ ಎಂಬ ಹೆಸರೇ ಬಿತ್ತು. ಪಿಂಗಾಣಿ ಹಲ್ಲು ಹದಿನೆಂಟನೆಯ ಶತಮಾನದ ಕೊನೆಗೆ ಫ್ರಾನ್ಸಿನಲ್ಲಿ ಹುಟ್ಟಿತು. ಅದು ಕೊಳೆಯುತ್ತಿರಲಿಲ್ಲ, ನಾರುತ್ತಿರಲಿಲ್ಲ.

ಹಲ್ಲು ಸಿಕ್ಕಿತು, ಅದನ್ನು ಕೂರಿಸುವ ತಳ ಸಿಕ್ಕಿರಲಿಲ್ಲ. ಚಿನ್ನದ ತಗಡು ಬಡವರ ಕೈಗೆಟುಕುವುದಲ್ಲ. ಇಲ್ಲಿ ನೆರವಿಗೆ ಬಂದದ್ದು ರಬ್ಬರು. ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ ವಲ್ಕನೈಟ್ ಹತ್ತೊಂಬತ್ತನೆಯ ಶತಮಾನದ ನಡುವೆ ಬಂದು ಸೆಟ್ಟಿನ ಬೆಲೆಯನ್ನು ಇಳಿಸಿತು. ಅಮೆರಿಕದಲ್ಲಿ ಅದರ ಪೇಟೆಂಟ್ ಹಿಡಿದ ಕಂಪನಿ ದಂತವೈದ್ಯರ ಮೇಲೆ ಮೊಕದ್ದಮೆಗಳನ್ನು ಹೂಡುತ್ತಲೇ ಇತ್ತು. ರೋಸಿಹೋದ ಒಬ್ಬ ದಂತವೈದ್ಯ 1879ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕಂಪನಿಯ ಖಜಾಂಚಿಯನ್ನು ಗುಂಡಿಟ್ಟು ಕೊಂದ. ವಲ್ಕನೈಟ್ ಕಂದುಗೆಂಪು, ಒಸಡಿನ ಬಣ್ಣ ಅದಕ್ಕೆ ಬರಲಿಲ್ಲ. ಒಸಡಿನ ಗುಲಾಬಿ ಬಣ್ಣ ತಂದದ್ದು 1930ರ ದಶಕದ ಕೊನೆಯಲ್ಲಿ ಬಂದ ಅಕ್ರಿಲಿಕ್. ಇಂದಿಗೂ ಬಹುಪಾಲು ಸೆಟ್ಟುಗಳ ತಳ ಅದೇ.

ಕಟ್ಟುವುದಕ್ಕಿಂತ ಉಳಿಸುವುದು ಕಷ್ಟವಾಗಿತ್ತು. ಹುಳುಕನ್ನು ಕೊರೆದು ತೆಗೆಯದೆ ತುಂಬಿಸುವಂತಿಲ್ಲ, ಕೊರೆದರೆ ನೋವು ತಡೆಯುವಂತಿಲ್ಲ. 1871ರಲ್ಲಿ ಅಮೆರಿಕದ ಜೇಮ್ಸ್ ಮಾರಿಸನ್ ಪೇಟೆಂಟ್ ಪಡೆದ ಯಂತ್ರವನ್ನು ವೈದ್ಯರೇ ಕಾಲಿನಿಂದ ತುಳಿದು ತಿರುಗಿಸಬೇಕಿತ್ತು. ನಿಧಾನದ ಕೊರೆತ, ಬಿಸಿ, ನಡುಕ. 1957ರಲ್ಲಿ ಬಂದ ಏರೋಟರ್ ಗಾಳಿಯ ಒತ್ತಡದಿಂದ ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು ತಿರುಗಿತು. ಅಷ್ಟರಲ್ಲಿ, 1943ರಲ್ಲಿ, ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಡೋಕೇನ್ ತಯಾರಿಸಿದ್ದರು. ಸೂಜಿ ಚುಚ್ಚಿ ದವಡೆ ಮರಗಟ್ಟಿಸುವುದು ಅದರಿಂದ ಸುರಕ್ಷಿತವೂ ಸುಲಭವೂ ಆಯಿತು. ಹಲ್ಲಿನ ಚರಿತ್ರೆ ಹೇಳುವವರು ಚಿನ್ನ, ಪಿಂಗಾಣಿ, ಟೈಟಾನಿಯಂಗಳ ಸುತ್ತಲೇ ಸುತ್ತುತ್ತಾರೆ. ಸಾಮಾನ್ಯರ ಬಾಯಲ್ಲಿ ಹೆಚ್ಚು ಹಲ್ಲು ಉಳಿಸಿದ್ದು ಈ ಸೂಜಿ ಮತ್ತು ಈ ಗಾಳಿಯಂತ್ರ. ತುಂಬುವ ಸಾಮಗ್ರಿಯಾಗಿ ಪಾದರಸ ಬೆರೆತ ಬೆಳ್ಳಿ ನೂರಕ್ಕೂ ಹೆಚ್ಚು ವರ್ಷ ಆಳಿತು. ಹಲ್ಲಿನ ಮೈಗೆ ಆಮ್ಲ ಸವರಿ ಅಂಟು ಹಿಡಿಸುವ ಉಪಾಯವನ್ನು ಮೈಕೆಲ್ ಬ್ಯೂನೊಕೋರ್ 1955ರಲ್ಲಿ ತೋರಿಸಿಕೊಟ್ಟರು. ಈಗಿನ ಬಿಳಿ ಸಿಮೆಂಟಿಗೆ ದಾರಿಯಾದದ್ದು ಅದು.

ಇವೆಲ್ಲ ಭಾರತಕ್ಕೆ ಕಾಲೇಜುಗಳ ಮೂಲಕವೇ ಬರಬೇಕಿತ್ತು. ಅಮೆರಿಕದ ಅಯೋವಾದಲ್ಲಿ ಓದಿ ಬಂದ ಡಾ. ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತದಲ್ಲಿ ದೇಶದ ಮೊದಲ ದಂತ ಕಾಲೇಜು ಆರಂಭಿಸಿದರು. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸ್ ಮೆಡಿಕಲ್ ಕಾಲೇಜಿಗೆ ದಂತ ವಿಭಾಗ ಬಂದದ್ದೇ 1953ರಲ್ಲಿ. ಅಲ್ಲಿಯವರೆಗೆ ಈ ವಿದ್ಯೆ ಕಲಿಯಬೇಕಾದರೆ ಕಲ್ಕತ್ತ, ಬೊಂಬಾಯಿಯಂಥ ಊರಿಗೆ ಹೋಗಬೇಕು, ಇಲ್ಲವೇ ಇನ್ನೊಬ್ಬರ ಕೈಕೆಳಗೆ ಕುಳಿತು ಕಲಿಯಬೇಕು. ಎರಡನೆಯ ದಾರಿ ಹಿಡಿದವರೇ ಹೆಚ್ಚು. ದೇಶದ ಹಲವು ನಗರಗಳಲ್ಲಿ ಚೀನಾದ ಹುಬೈ ಪ್ರಾಂತ್ಯದಿಂದ ಬಂದ ಕುಟುಂಬಗಳು ತಂದೆಯಿಂದ ಮಗನಿಗೆ ಹಲ್ಲು ಕಟ್ಟುವ ಕಸುಬನ್ನು ದಾಟಿಸಿದವು. 1948ರ ದಂತವೈದ್ಯರ ಕಾಯ್ದೆ ಇಂಥವರನ್ನು ಒಮ್ಮೆಗೇ ಹೊರಗೆ ಹಾಕಲಿಲ್ಲ. ಪದವೀಧರರನ್ನು ನೋಂದಣಿಯ ‘ಎ’ ಭಾಗದಲ್ಲಿ ಇಟ್ಟು, ಪದವಿಯಿಲ್ಲದೆ ಕನಿಷ್ಠ ಐದು ವರ್ಷ ಇದನ್ನೇ ಮುಖ್ಯ ಜೀವನೋಪಾಯ ಮಾಡಿಕೊಂಡವರಿಗೆ ‘ಬಿ’ ಭಾಗ ಕೊಟ್ಟಿತು. ಆ ತಲೆಮಾರು ಮುಗಿದಂತೆ ‘ಬಿ’ ಭಾಗ ತಾನಾಗಿ ಬರಿದಾಯಿತು. ಜಾಣತನದ ಕಾಯ್ದೆ.

ಕರಾವಳಿಯಲ್ಲಿ ಮೊದಲ ಹೆಜ್ಜೆ ಮಣಿಪಾಲದ್ದು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ಡಾ. ಟಿ.ಎಂ.ಎ. ಪೈ ಅವರ ಸಂಸ್ಥೆ 1965ರಲ್ಲಿ ದಂತ ಕಾಲೇಜನ್ನೂ ತೆರೆಯಿತು. ಸರ್ಕಾರದ ಹಣಕ್ಕೆ ಕಾಯದೆ ವಿದ್ಯಾರ್ಥಿಗಳ ಶುಲ್ಕದಿಂದಲೇ ವೃತ್ತಿಶಿಕ್ಷಣದ ಕಾಲೇಜು ನಡೆಸಬಹುದೆಂಬುದನ್ನು ಅವರು ತೋರಿಸಿದ್ದರಿಂದ ಉಳಿದವರಿಗೂ ಧೈರ್ಯ ಬಂತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಲೋಕಸಭೆಯ ಸ್ಪೀಕರೂ ಆಗಿದ್ದ ಕೆ.ಎಸ್. ಹೆಗ್ಡೆ 1979ರಲ್ಲಿ ನಿಟ್ಟೆ ಎಜುಕೇಶನ್ ಟ್ರಸ್ಟ್ ಸ್ಥಾಪಿಸಿದರು. ಆ ಟ್ರಸ್ಟ್ 1985ರಲ್ಲಿ ದಂತ ಕಾಲೇಜು ಆರಂಭಿಸಿ ವಿಜಯಾ ಬ್ಯಾಂಕ್ ಸ್ಥಾಪಕ ಎ.ಬಿ. ಶೆಟ್ಟಿ ಅವರ ಹೆಸರಿಟ್ಟಿತು. 1987ರಲ್ಲಿ ಮಣಿಪಾಲದವರು ಮಂಗಳೂರಿನಲ್ಲೇ ಇನ್ನೊಂದು ದಂತ ಕಾಲೇಜು ತೆರೆದರು. 1992ರಲ್ಲಿ ಯೇನೆಪೋಯ ಬಂತು, ಉಳಿದೆರಡು ಆಮೇಲಿನವು.

ಕಾಲೇಜು ಹೆಚ್ಚಿದ್ದರಿಂದ ರೋಗಿಗಳಿಗೆ ಆದ ಲಾಭದ ಹಿಂದೆ ಪಠ್ಯಕ್ರಮದ ನಿಯಮವೊಂದಿದೆ. ಬಿಡಿಎಸ್ ಓದುವವರು ಪರೀಕ್ಷೆಗೆ ಕೂರುವ ಮೊದಲು ನಿಗದಿತ ಸಂಖ್ಯೆಯ ಹಲ್ಲು ಕೀಳಬೇಕು, ತುಂಬಬೇಕು, ಪೂರ್ತಿ ಸೆಟ್ಟು ಕಟ್ಟಬೇಕು. ರೋಗಿ ಸಿಗದಿದ್ದರೆ ವಿದ್ಯಾರ್ಥಿಗೇ ಸಂಕಟ. ಹೀಗಾಗಿ ಕಾಲೇಜಿನಲ್ಲಿ ದರ ಕಡಿಮೆ, ಸುತ್ತಲ ಊರುಗಳಲ್ಲಿ ಉಚಿತ ಶಿಬಿರ. ಬೇರೆ ರಾಜ್ಯಗಳಿಂದ ಬಂದ ಹುಡುಗ ಹುಡುಗಿಯರು ನೋವು ಎಲ್ಲಿ, ಎಷ್ಟು ದಿನದಿಂದ ಎಂದು ತುಳು, ಬ್ಯಾರಿ, ಕೊಂಕಣಿಯಲ್ಲಿ ಕೇಳುವಷ್ಟು ಕಲಿಯುತ್ತಾರೆ. ಅಜ್ಜನ ಹಲ್ಲಿನ ಸೆಟ್ಟಿನ ಮೇಲೆ ಮೊಮ್ಮಗಳ ವಯಸ್ಸಿನವಳ ಪರೀಕ್ಷೆ ನಿಂತಿರುತ್ತದೆ. ಕೆಲಸ ನಿಧಾನ, ಪ್ರತಿ ಹಂತಕ್ಕೂ ಮೇಷ್ಟ್ರ ಸಹಿ ಬೇಕು. ಬಸ್ಸಿನ ಖರ್ಚು, ದಿನಗೂಲಿಯ ನಷ್ಟ ರೋಗಿಯದು. ಆದರೂ ಖಾಸಗಿ ಕ್ಲಿನಿಕ್ಕಿನ ಬೆಲೆ ತೆರಲಾಗದವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಈ ಭಾಗದಲ್ಲಿ ಬೇರೆ ಹುಟ್ಟಿಲ್ಲ. ಬಡ ಹಿರಿಯರಿಗೆ ಉಚಿತವಾಗಿ ಸೆಟ್ಟು ಕೊಡಿಸುವ ರಾಜ್ಯ ಸರ್ಕಾರದ ‘ದಂತ ಭಾಗ್ಯ’ ಯೋಜನೆಯೂ ಸರ್ಕಾರಿ ಕಾಲೇಜುಗಳ ಜೊತೆಗೆ ಖಾಸಗಿ ದಂತ ಕಾಲೇಜುಗಳನ್ನು ನೆಚ್ಚಿಕೊಂಡೇ ರೂಪುಗೊಂಡಿತು.

ಸೆಟ್ಟು ಒಂದೇ ಭೇಟಿಯಲ್ಲಿ ಆಗುವುದಲ್ಲ. ಮೊದಲ ದಿನ ಬಿಸಿನೀರಿನಲ್ಲಿ ಮೆತ್ತಗಾದ ಕಂದು ಬಣ್ಣದ ಕಾಂಪೌಂಡನ್ನು ತಟ್ಟೆಯಲ್ಲಿ ತುಂಬಿ ಒಸಡಿಗೆ ಒತ್ತಿ ಅಳತೆ ತೆಗೆಯುತ್ತಾರೆ. ಬಾಯಲ್ಲಿ ಹಲ್ಲುಗಳು ಉಳಿದಿದ್ದರೆ ಅಳತೆಗೆ ಆಲ್ಜಿನೇಟ್. ಅದು ಕಡಲ ಪಾಚಿಯ ಸಾರ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನಿಂದ ಅಗರ್ ಬರುವುದು ನಿಂತಾಗ ಬದಲಿಯಾಗಿ ಬಳಕೆಗೆ ಬಂದದ್ದು, ಮತ್ತೆ ಹೊರಟುಹೋಗಲಿಲ್ಲ. ಮೊದಲ ಅಳತೆಯಿಂದ ಪ್ಲಾಸ್ಟರಿನ ಅಚ್ಚು, ಆ ಅಚ್ಚಿನ ಮೇಲೆ ಆ ಬಾಯಿಗೆಂದೇ ಒಂದು ತಟ್ಟೆ, ಅದರಿಂದ ಎರಡನೆಯ ಸೂಕ್ಷ್ಮ ಅಳತೆ. ಮೂರನೆಯ ಭೇಟಿ ಮೇಣದ ದಿಂಡುಗಳದು. ಮೇಲಿನ ಮತ್ತು ಕೆಳಗಿನ ದವಡೆ ಎಷ್ಟು ದೂರದಲ್ಲಿ, ಯಾವ ಜಾಗದಲ್ಲಿ ಕೂಡುತ್ತವೆಂದು ಗುರುತು ಹಾಕಬೇಕು. ವರ್ಷಗಟ್ಟಲೆ ಹಲ್ಲಿಲ್ಲದವರ ಕೆಳದವಡೆ ಮುಂದಕ್ಕೆ ಜಾರಿಕೊಂಡಿರುತ್ತದೆ. ‘ನಾಲಿಗೆ ಹಿಂದಕ್ಕೆ ಮಡಚಿ, ಉಗುಳು ನುಂಗಿ’ ಎಂದು ಹೇಳಿಯೇ ಅದನ್ನು ಹಿಂದಕ್ಕೆ ತರಬೇಕು. ಇಲ್ಲಿ ಒಂದೆರಡು ಮಿಲಿಮೀಟರ್ ತಪ್ಪಿದರೆ ಸೆಟ್ಟು ಎಷ್ಟೇ ಚೆಂದವಾಗಿದ್ದರೂ ಡಬ್ಬಿ ಸೇರುತ್ತದೆ. ಮನೆಮನೆಯ ಕಪಾಟುಗಳಲ್ಲಿ ಬಿದ್ದಿರುವ ಸೆಟ್ಟುಗಳಲ್ಲಿ ಅನೇಕದರ ದೋಷ ಈ ಹಂತದ್ದು. ನಾಲ್ಕನೆಯ ಸಲ ಮೇಣದಲ್ಲೇ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡುತ್ತಾರೆ: ಸ, ಶ, ವ ಸರಿಯಾಗಿ ಹೊರಡುತ್ತವೆಯೇ, ನಕ್ಕಾಗ ಎಷ್ಟು ಕಾಣುತ್ತದೆ.

ಉಳಿದದ್ದು ಲ್ಯಾಬಿನ ಕೆಲಸ. ಮೇಣದ ಸೆಟ್ಟನ್ನು ಎರಡು ಹೋಳಿನ ಲೋಹದ ಪೆಟ್ಟಿಗೆಯೊಳಗೆ ಪ್ಲಾಸ್ಟರಿನಲ್ಲಿ ಹೂತು, ಕುದಿನೀರಿನಿಂದ ಮೇಣ ಕರಗಿಸಿ ತೆಗೆಯುತ್ತಾರೆ. ಮೇಣವಿದ್ದ ಜಾಗ ಖಾಲಿಯಾಗುತ್ತದೆ, ಹಲ್ಲುಗಳು ಪ್ಲಾಸ್ಟರಿನಲ್ಲಿ ಕಚ್ಚಿಕೊಂಡಿರುತ್ತವೆ. ಅಕ್ರಿಲಿಕ್ ಪುಡಿಗೆ ಅದರ ದ್ರವ ಸೇರಿಸಿದರೆ ಮೊದಲು ಒದ್ದೆ ಮರಳಿನಂತಿದ್ದು, ಆಮೇಲೆ ಎಳೆ ಬಿಟ್ಟು, ಕೊನೆಗೆ ಕೈಗೆ ಅಂಟದ ಕಣಕವಾಗುತ್ತದೆ. ಆ ಹದದಲ್ಲಿ ತುಂಬಿ ಬಿಗಿದು ಬಿಸಿನೀರಿನ ತೊಟ್ಟಿಯಲ್ಲಿ ಸುಮಾರು 74 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಅವಸರದಿಂದ ಕುದಿಸಿದರೆ ದ್ರವ ಆವಿಯಾಗಿ ಒಳಗೆಲ್ಲ ಸಣ್ಣ ಸಣ್ಣ ತೂತು. ಈ ಕೆಲಸ ಮಾಡುವ ಡೆಂಟಲ್ ಮೆಕ್ಯಾನಿಕ್‌ಗಳನ್ನು ರೋಗಿ ನೋಡುವುದೇ ಇಲ್ಲ. 1948ರ ಕಾಯ್ದೆ ಅವರಿಗೂ ಪ್ರತ್ಯೇಕ ನೋಂದಣಿ ಇಟ್ಟಿತು.

ಮಂಗಳೂರಿನ ದಂತ ಚಿಕಿತ್ಸೆಗೆ ಊರಿನದೇ ಆದ ಒಂದು ಸಮಸ್ಯೆ ಅಡಿಕೆ. ಜಿಲ್ಲೆಯ ಮುಖ್ಯ ಬೆಳೆ ಅದು. ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದ್ದು ಈ ನಗರದಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದ ಪ್ರಕಟಣೆ ಹೊರಡಿಸಿತು. ಬೆಳೆಗಾರರು ಇದನ್ನು ಒಪ್ಪಿಲ್ಲ, ವಾದ ಮುಗಿದಿಲ್ಲ. ದಂತ ಕಾಲೇಜಿನ ಕುರ್ಚಿಯಲ್ಲಿ ಕಾಣುವುದು ಇಷ್ಟು: ಬಹುಕಾಲ ಅಡಿಕೆ, ಗುಟ್ಕಾ ಜಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅಳತೆಯ ತಟ್ಟೆ ಒಳಗೆ ಹೋಗುವುದಿಲ್ಲ. ತಟ್ಟೆಯನ್ನು ಎರಡು ಭಾಗ ಮಾಡಿ ಒಂದೊಂದಾಗಿ ಒಳಗಿಟ್ಟು ಅಳತೆ ತೆಗೆದು ಹೊರಗೆ ಜೋಡಿಸಬೇಕಾಗುತ್ತದೆ. ಕೆಲವೊಮ್ಮೆ ಸೆಟ್ಟನ್ನೇ ಹಾಗೆ ತುಂಡುಗಳಲ್ಲಿ ಮಾಡಬೇಕು. ಕ್ಯಾನ್ಸರಿಗಾಗಿ ಮೇಲ್ದವಡೆಯ ಭಾಗ ಕತ್ತರಿಸಿದವರಿಗೆ ಬಾಯಿಗೂ ಮೂಗಿಗೂ ನಡುವೆ ಗೋಡೆಯೇ ಇರುವುದಿಲ್ಲ. ಕುಡಿದ ಗಂಜಿ ಮೂಗಿನಿಂದ ಬರುತ್ತದೆ, ಮಾತು ಅರ್ಥವಾಗುವುದಿಲ್ಲ. ಹಲ್ಲಿನ ಸೆಟ್ಟಿಗೆ ಆ ರಂಧ್ರ ಮುಚ್ಚುವ ಉಬ್ಬನ್ನೂ ಸೇರಿಸಿ ಕೊಟ್ಟರೆ ಅವರು ಊಟ ಮಾಡುತ್ತಾರೆ, ಮಾತಾಡುತ್ತಾರೆ. ಹಲ್ಲು ಕಟ್ಟುವ ವಿದ್ಯೆಯ ಅತಿ ಕಠಿಣ ಭಾಗ ಇದು, ಹೊರಗಿನವರಿಗೆ ಅತಿ ಕಡಿಮೆ ಗೊತ್ತಿರುವುದೂ ಇದೇ.

ಒಂದೆರಡು ಹಲ್ಲು ಹೋದವರಿಗೆ ಕ್ಯಾಪ್ ಮತ್ತು ಬ್ರಿಜ್. ಉತ್ಸವಮೂರ್ತಿ ಎರಕ ಹೊಯ್ಯುವ ಮೇಣದಚ್ಚಿನ ವಿಧಾನವನ್ನು ವಿಲಿಯಂ ಟ್ಯಾಗರ್ಟ್ 1907ರಲ್ಲಿ ಚಿನ್ನದ ಹಲ್ಲಿನ ಕೆಲಸಕ್ಕೆ ಹೊಂದಿಸಿದರು. 1960ರ ದಶಕದಲ್ಲಿ ಲೋಹದ ಮೇಲೆ ಪಿಂಗಾಣಿ ಹಿಡಿಸುವುದು ಬಂತು. ಈಗಿನ ಜಿರ್ಕೋನಿಯಾ ಕ್ಯಾಪ್‌ಗಳನ್ನು ಕಂಪ್ಯೂಟರ್ ಕೆತ್ತುತ್ತದೆ. ಬ್ರಿಜ್ ಕೂರಿಸಲು ಎರಡೂ ಪಕ್ಕದ ಗಟ್ಟಿ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಬೇಕೆಂಬುದು ಅದರ ಹಳೆಯ ದೋಷ.

ಅದನ್ನು ತಪ್ಪಿಸಿದ್ದು ಇಂಪ್ಲಾಂಟ್. 1950ರ ದಶಕದಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಮೂಳೆಯೊಳಗೆ ರಕ್ತಸಂಚಾರ ನೋಡಲು ಟೈಟಾನಿಯಂ ಉಪಕರಣ ಇಟ್ಟಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಬಿಡಿಸಲು ಹೋದರೆ ಬರಲಿಲ್ಲ. ಮೂಳೆ ಅದನ್ನು ತನ್ನದೆಂದು ಹಿಡಿದುಕೊಂಡಿತ್ತು. 1965ರಲ್ಲಿ ಮೊದಲ ರೋಗಿಯ ದವಡೆಗೆ ಟೈಟಾನಿಯಂ ತಿರುಪು ಹಾಕಿದರು. 1982ರ ಟೊರಾಂಟೊ ಸಮ್ಮೇಳನದ ನಂತರವೇ ಜಗತ್ತು ನಂಬಿತು. ತಿರುಪು ಹಾಕಿ ಮೂಳೆ ಹಿಡಿಯಲು ಮೂರರಿಂದ ಆರು ತಿಂಗಳು ಕಾದು ಮೇಲೆ ಕ್ಯಾಪ್ ಕೂರಿಸುವುದು ರೂಢಿಯ ಕ್ರಮ. ಮಂಗಳೂರಿನ ಕ್ಲಿನಿಕ್ಕುಗಳಲ್ಲಿ ಇದು ಈಗ ದಿನನಿತ್ಯದ ಕೆಲಸ.

ಸೆಟ್ಟು ಹಾಕುವ ವೃದ್ಧರಿಗೆ ಇಂಪ್ಲಾಂಟಿನಿಂದ ಆಗಬಹುದಾದ ಪ್ರಯೋಜನದ ಮಾತು ಕಡಿಮೆ. ಹಲ್ಲು ಹೋದ ಮೇಲೆ ದವಡೆಯ ಮೂಳೆ ವರ್ಷವರ್ಷವೂ ಕರಗುತ್ತದೆ. ಮೇಲಿನ ಸೆಟ್ಟು ಅಂಗುಳದ ಹಿಡಿತದಿಂದ ನಿಲ್ಲುತ್ತದೆ, ಕೆಳಗಿನದು ನಾಲಿಗೆಯೊಂದಿಗೆ ತೇಲಾಡುತ್ತದೆ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್ ಹಾಕಿ ಅವಕ್ಕೆ ಗುಂಡಿಯಂತೆ ಸಿಕ್ಕಿಸುವ ಸೆಟ್ಟನ್ನೇ ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆಂದರು. ಎರಡು ತಿರುಪುಗಳ ಬೆಲೆ ಇಡೀ ಅಕ್ರಿಲಿಕ್ ಸೆಟ್ಟಿನ ಬೆಲೆಯ ಹಲವು ಪಟ್ಟು. ಆದ್ದರಿಂದ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಬರುವ ಹೆಚ್ಚಿನ ಹಿರಿಯರು ಇನ್ನೂ ಬರಿಯ ಸೆಟ್ಟು ಕಟ್ಟಿಸಿಕೊಂಡು, ಒಸಡಿಗೆ ಒತ್ತುವ ಜಾಗವನ್ನು ತಿಕ್ಕಿಸಿಕೊಳ್ಳಲು ಮರುವಾರ ಬರಬೇಕಾದ ದಿನದ ಚೀಟಿ ಹಿಡಿದು ಹೊರಡುತ್ತಾರೆ.