ಎಂಟು ಕ್ಯಾಮೆರಾ, ಒಂದು ಮಸುಕು ಮುಖ

ಮಾನೇಸರ್‌ನ ಜನವರಿ ಮಂಜು ಕಂಡವರಿಗೇ ಗೊತ್ತು. ಬೆಳಗಿನ ಶಿಫ್ಟಿನ ಬಸ್ಸುಗಳು ದೀಪ ಮಿನುಗಿಸಿಕೊಂಡು ಎನ್‌ಎಚ್ 48ರಲ್ಲಿ ತೆವಳುತ್ತವೆ. ಐಎಂಟಿಯ ಒಳರಸ್ತೆಗಳಲ್ಲಿ ಎದುರಿನ ಫ್ಯಾಕ್ಟರಿಯ ಗೇಟೇ ಕಾಣುವುದಿಲ್ಲ. ಅಂಥದೊಂದು ವಾರದಲ್ಲಿ ಕಾಕಾ ಫೋನ್ ಮಾಡಿದರು.

ಕಾಕಾ ಧಾರವಾಡದ ಕಡೆಯವರು. ಇಲ್ಲಿ ಬಾಡಿಗೆ ಶೆಡ್ಡಿನಲ್ಲಿ ನಾಲ್ಕು ಸಿಎನ್‌ಸಿ ಮಷಿನ್ ಇಟ್ಟುಕೊಂಡು ವಾಹನಗಳ ಬಿಡಿಭಾಗಗಳ ಜಾಬ್‌ವರ್ಕ್ ಮಾಡುತ್ತಾರೆ. ಸುತ್ತಮುತ್ತಲಿನ ಕನ್ನಡ ಕುಟುಂಬಗಳಿಗೆಲ್ಲ ಅವರು ಕಾಕಾನೇ. ಅವರ ಸ್ಟೋರಿನಿಂದ ಕಾರ್ಬೈಡ್ ಇನ್ಸರ್ಟ್‌ಗಳ ಕೆಲವು ಪೆಟ್ಟಿಗೆ ಕಾಣೆಯಾಗಿದ್ದವು. ಇನ್ಸರ್ಟ್ ಎಂದರೆ ಲೋಹ ಕತ್ತರಿಸುವ ಟೂಲ್‌ನ ತುದಿಗೆ ಕೂರಿಸುವ, ಹೆಬ್ಬೆರಳ ಉಗುರಿನಷ್ಟು ತುಂಡು. ಒಂದೊಂದಕ್ಕೂ ನೂರಾರು ರೂಪಾಯಿ ಬೆಲೆ, ಆದರೆ ಹತ್ತು ತುಂಡಿನ ಪೆಟ್ಟಿಗೆ ಅಂಗಿ ಜೇಬಿನಲ್ಲಿ ಹಿಡಿಯುತ್ತದೆ.

"ಎಂಟು ಕ್ಯಾಮೆರಾ ಅದಾವ. ಒಂದರಾಗ ಯಾರೋ ಹೊಂಟಿದ್ದು ಕಾಣ್ತದ, ಮುಖಾ ಕಾಣವಲ್ದು. ನೀವು ಸಾಫ್ಟ್‌ವೇರ್ ಮಂದಿ, ಸ್ವಲ್ಪ ಕ್ಲಿಯರ್ ಮಾಡಿ ಕೊಡ್ರಿ" ಅಂದರು.

ಹೋಗಿ ನೋಡಿದೆ. ಗೇಟಿನ ಕ್ಯಾಮೆರಾದಲ್ಲಿ ಮಂಕಿ ಕ್ಯಾಪ್, ಜಾಕೆಟ್ ತೊಟ್ಟ ಒಂದು ಆಕೃತಿ. ಮುಖವಿರಬೇಕಾದ ಜಾಗದಲ್ಲಿ ಬೂದು ಬಣ್ಣದ ಕೆಲವು ಚೌಕಗಳು. ದೊಡ್ಡದು ಮಾಡಿದರೆ ಚೌಕಗಳು ದೊಡ್ಡದಾದವೇ ಹೊರತು ಮುಖ ಮೂಡಲಿಲ್ಲ. ಆಗ ನಾನೊಂದು ತಪ್ಪು ಮಾಡಿದೆ. ಚಿತ್ರಗಳನ್ನು ಸ್ಪಷ್ಟಗೊಳಿಸುವ ಎಐ ಆ್ಯಪ್ ಒಂದಕ್ಕೆ ಅದನ್ನು ಹಾಕಿದೆ. ಅರ್ಧ ನಿಮಿಷದಲ್ಲಿ ಕಣ್ಣು, ಮೂಗು, ಮೀಸೆ ಇರುವ ಒಂದು ಮುಖ ಬಂತು. ಸುತ್ತ ನಿಂತಿದ್ದವರೆಲ್ಲ ಒಮ್ಮೆಗೇ ಒಬ್ಬ ಹೆಲ್ಪರ್ ಹುಡುಗನ ಹೆಸರು ಹೇಳಿದರು.

ಅಂಥ ಆ್ಯಪ್ ಇಲ್ಲದ ಮುಖವನ್ನು ಹುಡುಕಿ ಕೊಡುವುದಿಲ್ಲ, ಲಕ್ಷಾಂತರ ಮುಖಗಳನ್ನು ನೋಡಿ ಕಲಿತ ಊಹೆಯಿಂದ ಹೊಸದೊಂದನ್ನು ಬರೆದು ಕೊಡುತ್ತದೆ. ಅದು ನನಗೆ ಗೊತ್ತಿತ್ತು. ಆಮೇಲೆ ಹೇಳಿದೆ ಕೂಡ. ಅಷ್ಟರಲ್ಲಿ ಹೆಸರು ಬಾಯಿಂದ ಬಾಯಿಗೆ ಹೋಗಿಯಾಗಿತ್ತು. ಬಿಹಾರದ ಆ ಹುಡುಗ ಎರಡು ದಿನದಲ್ಲಿ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಟುಹೋದ.

ಕ್ಯಾಮೆರಾ ಸರಿಯಿಲ್ಲದಿದ್ದರೆ ಕಳ್ಳ ಸಿಗುವುದಿಲ್ಲ ಎಂದಷ್ಟೇ ನಾವು ತಿಳಿದಿರುತ್ತೇವೆ. ಕಳ್ಳನಲ್ಲದವನು ಸಿಗುತ್ತಾನೆ ಎಂಬುದು ನನಗೆ ಅಂದು ಗೊತ್ತಾಯಿತು. ಮನೆಗೋ ಅಂಗಡಿಗೋ ಸಿಸಿಟಿವಿ ಹಾಕಿಸುವ ಯೋಚನೆಯಲ್ಲಿರುವವರಿಗೆ ಕಾಕಾನ ಶೆಡ್ಡಿನಿಂದ ನಾನು ಕಲಿತದ್ದನ್ನು ಹೇಳುತ್ತೇನೆ.

ಕಾಣುವುದು ಬೇರೆ, ಗುರುತಿಸುವುದು ಬೇರೆ

ಅಂಗಡಿಯವರು ಮೊದಲು ಹೇಳುವುದು ಮೆಗಾಪಿಕ್ಸೆಲ್. ಅದಕ್ಕಿಂತ ಮೊದಲು ಕೇಳಬೇಕಾದ್ದು, ಆ ಪಿಕ್ಸೆಲ್‌ಗಳು ಎಷ್ಟು ಅಗಲದ ಜಾಗಕ್ಕೆ ಹಂಚಿಹೋಗುತ್ತವೆ ಎಂದು. ಸಿಸಿಟಿವಿ ವಿನ್ಯಾಸಕ್ಕಿರುವ ಯುರೋಪಿನ ಮಾನದಂಡದ ಪ್ರಕಾರ ಯಾರೋ ಇದ್ದಾರೆ ಎಂದು ತಿಳಿಯಲು ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್ ಸಾಕು. ಪರಿಚಯದವರನ್ನು ಗುರುತು ಹಿಡಿಯಲು 125 ಬೇಕು. ಅಪರಿಚಿತನನ್ನು ಇವನೇ ಎಂದು ಅನುಮಾನವಿಲ್ಲದೆ ಹೇಳಲು 250 ಬೇಕು.

ಸಾಮಾನ್ಯವಾಗಿ ಹಾಕುವ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 1920 ಪಿಕ್ಸೆಲ್ ಅಗಲ. ಅದರ 2.8 ಮಿ.ಮೀ. ಲೆನ್ಸ್ 12 ಮೀಟರ್ ದೂರದಲ್ಲಿ ಸುಮಾರು 25ರಿಂದ 30 ಮೀಟರ್ ಅಗಲದ ದೃಶ್ಯ ಹಿಡಿಯುತ್ತದೆ. ಭಾಗಿಸಿದರೆ ಮೀಟರಿಗೆ 64ರಿಂದ 77 ಪಿಕ್ಸೆಲ್. ಅಂಗಳವೆಲ್ಲ ಕಂಡಿತೆಂದು ನಾವು ಖುಷಿಪಡುತ್ತೇವೆ, ಆದರೆ ಮುಖ ಗುರುತಿಸಲು ಬೇಕಾದ್ದರ ಮೂರನೇ ಒಂದು ಭಾಗವೂ ಅಲ್ಲಿರುವುದಿಲ್ಲ. ಆ ಕ್ಯಾಮೆರಾ ಮುಖ ಕೊಡುವುದು ಮೂರು ಮೀಟರಿನ ಆಸುಪಾಸಿನಲ್ಲಿ ಮಾತ್ರ. ಅದೇ ಜಾಗದಲ್ಲಿ 12 ಮಿ.ಮೀ. ಲೆನ್ಸ್ ಇದ್ದರೆ ದೃಶ್ಯ ಐದಾರು ಮೀಟರಿಗೆ ಕಿರಿದಾಗಿ, ಗೇಟಿನಲ್ಲಿ ನಿಂತವರ ಮುಖ ತಿಳಿಯುತ್ತದೆ. ಕಾಕಾನ ಎಂಟೂ ಕ್ಯಾಮೆರಾಗಳಿಗೆ 2.8ರ ಲೆನ್ಸೇ ಇತ್ತು.

ಹಾಗಾಗಿ ಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಮನೆಯ ಅಥವಾ ಶೆಡ್ಡಿನ ನಕ್ಷೆ ಬರೆದು, ಎಲ್ಲಿ ಓಡಾಟ ಕಂಡರೆ ಸಾಕು, ಎಲ್ಲಿ ಮುಖವೇ ಬೇಕು ಎಂದು ಗುರುತು ಹಾಕಿ. ಮುಖ ಬೇಕಾದ ಜಾಗ ಸಾಮಾನ್ಯವಾಗಿ ಒಂದೋ ಎರಡೋ ಬಾಗಿಲು ಅಷ್ಟೇ. ಅಲ್ಲಿ ಕ್ಯಾಮೆರಾವನ್ನು ಎರಡು, ಎರಡೂವರೆ ಮೀಟರ್ ಎತ್ತರದಲ್ಲಿಡಿ. ಛಾವಣಿಯ ತುದಿಗೆ ಏರಿಸಿದರೆ ಟೋಪಿಗಳ ನೆತ್ತಿ ಮಾತ್ರ ಸಿಗುತ್ತದೆ. ಇಲ್ಲಿನ ಚಳಿಗಾಲದಲ್ಲಿ ಎಲ್ಲರೂ ಮಫ್ಲರ್ ಸುತ್ತಿಕೊಂಡೇ ಬರುವುದರಿಂದ ಗೇಟಿಗಿಂತ, ಮಫ್ಲರ್ ತೆಗೆದು ಬೆರಳೊತ್ತುವ ಹಾಜರಿ ಯಂತ್ರದ ಎದುರಿನ ಗೋಡೆ ಒಳ್ಳೆಯ ಜಾಗ.

ಮಂಜು, ಧೂಳು, ಬಿಸಿಲು

ಬೆಂಗಳೂರಿನಲ್ಲಿ ಚೆನ್ನಾಗಿ ನಡೆದ ಕ್ಯಾಮೆರಾ ಇಲ್ಲಿ ಸೋಲಬಹುದು. ರಾತ್ರಿ ನೋಡಲು ಕ್ಯಾಮೆರಾದ ಲೆನ್ಸ್ ಸುತ್ತ ಇನ್‌ಫ್ರಾರೆಡ್ ದೀಪಗಳಿರುತ್ತವೆ. ಮಂಜಿನ ಹನಿಗಳಿಗೆ ಬಡಿದ ಆ ಬೆಳಕು ನೇರ ಲೆನ್ಸಿಗೇ ಮರಳಿ ಪರದೆಯೆಲ್ಲ ಬೆಳ್ಳಗಾಗುತ್ತದೆ. ಮಂಜಿನಲ್ಲಿ ಕಾರಿನ ಹೈ ಬೀಮ್ ಹಾಕಿದವರಿಗೆ ಇದು ಬೇಗ ಅರ್ಥವಾದೀತು. ಪರಿಹಾರ ದುಬಾರಿಯದಲ್ಲ: ಗೇಟಿನ ಪಕ್ಕದಲ್ಲಿ, ಕ್ಯಾಮೆರಾದಿಂದ ದೂರದಲ್ಲಿ ಬೇರೆ ದೀಪ ಹಾಕಿ, ಮಂಜಿನ ದಿನಗಳಲ್ಲಿ ಕ್ಯಾಮೆರಾದ ಸ್ವಂತ ದೀಪ ಆರಿಸುವುದು. ಕ್ಯಾಮೆರಾವನ್ನು ಹತ್ತಿರ ತಂದಷ್ಟೂ ನಡುವಿನ ಮಂಜು ಕಡಿಮೆ.

ಮೇ ತಿಂಗಳ ಆಂಧಿ ಎದ್ದ ಮೇಲೆ ಲೆನ್ಸ್ ಮೇಲೆ ಅರಾವಳಿಯ ಧೂಳು ಕೂರುತ್ತದೆ. ರಾತ್ರಿ ದೀಪಕ್ಕೆ ಹುಳು, ಹುಳುವಿಗೆ ಜೇಡ, ಜೇಡನ ಬಲೆ ಲೆನ್ಸಿನ ಎದುರೇ. ಹೊರಗಿನ ಕ್ಯಾಮೆರಾಕ್ಕೆ ಐಪಿ 66 ಅಥವಾ 67 ದರ್ಜೆ ಇರಲಿ, ತಿಂಗಳಿಗೊಮ್ಮೆ ಒರೆಸುವ ಒಬ್ಬ ಮನುಷ್ಯನೂ ಇರಲಿ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಊರಿನಲ್ಲಿ ತಗಡಿನ ಛಾವಣಿಯ ಕೆಳಗಿನ ಬಿಸಿ ಇನ್ನೂ ಹೆಚ್ಚು. ಆದ್ದರಿಂದ ಪೆಟ್ಟಿಗೆಯ ಮೇಲೆ ಬರೆದಿರುವ ತಾಪಮಾನದ ಮಿತಿ ಓದಿ ಕೊಳ್ಳಿ.

ಎಷ್ಟು ದಿನದ ನೆನಪು?

ಸ್ಟೋರಿನಲ್ಲಿ ಪೆಟ್ಟಿಗೆಗಳನ್ನು ಕೊನೆಯ ಸಲ ಎಣಿಸಿದ್ದು 15 ದಿನ ಹಿಂದೆ. ಡಿಸ್ಕಿನಲ್ಲಿ ಉಳಿದಿದ್ದ ವಿಡಿಯೊ ಆರು ದಿನದ್ದೂ ಇರಲಿಲ್ಲ. ಹೀಗಾಗಿ ಉಳಿದ ದಿನಗಳಲ್ಲಿ ಕಂಡವರ ಮೇಲೆ ಮಾತ್ರ ಅನುಮಾನ ಬಂತು, ಅಳಿಸಿಹೋದ ದಿನಗಳಲ್ಲಿ ಓಡಾಡಿದವರೆಲ್ಲ ಪಾರಾದರು.

ಲೆಕ್ಕ ಸರಳ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ 21.6 ಜಿಬಿ. ಎಂಟು ಕ್ಯಾಮೆರಾಕ್ಕೆ 173 ಜಿಬಿ, ಅಂದರೆ 1 ಟಿಬಿ ಡಿಸ್ಕ್ ಆರು ದಿನದೊಳಗೆ ತುಂಬಿ ಹಳೆಯದರ ಮೇಲೆ ಹೊಸದು ಬರೆಯಲು ಶುರು. ನಾಲ್ಕು ಕ್ಯಾಮೆರಾಕ್ಕೆ 30 ದಿನ ಬೇಕಿದ್ದರೆ 2.6 ಟಿಬಿ ಬೇಕು, 4 ಟಿಬಿ ಡಿಸ್ಕ್ ಹಾಕಿದರೆ ನಿಶ್ಚಿಂತೆ. ಎಚ್ 265 ವಿಧಾನದಲ್ಲಿ ಬರೆಯುವ ಕ್ಯಾಮೆರಾ ಹಳೆಯ ಎಚ್ 264ಕ್ಕಿಂತ ಸುಮಾರು ಅರ್ಧ ಜಾಗ ಉಳಿಸುತ್ತದೆ. ಹಗಲಿರುಳು ಬರೆಯಲೆಂದೇ ಮಾಡಿದ ಡಿಸ್ಕ್ ಕೇಳಿ, ಹಳೆಯ ಕಂಪ್ಯೂಟರಿನದ್ದನ್ನು ತೂರಿಸಲು ಬಿಡಬೇಡಿ.

30 ದಿನ ಎಂಬುದು ನನ್ನ ಲೆಕ್ಕವಲ್ಲ. ಜನ ಹೆಚ್ಚು ಸೇರುವ ಸ್ಥಳಗಳಿಗೆ ಕರ್ನಾಟಕ ಸರ್ಕಾರ 2017ರಲ್ಲಿ ತಂದ ಸಾರ್ವಜನಿಕ ಸುರಕ್ಷತಾ ಕಾಯ್ದೆ ಕೇಳುವುದೂ 30 ದಿನದ ದಾಖಲೆಯನ್ನೇ. ನಿಮ್ಮ ಅಂಗಡಿಯಲ್ಲಿ ಸರಕು ಎಣಿಸುವುದು ಎಷ್ಟು ದಿನಕ್ಕೊಮ್ಮೆಯೋ ಅದಕ್ಕಿಂತ ಹೆಚ್ಚು ದಿನದ ವಿಡಿಯೊ ಉಳಿಯಬೇಕು ಎಂದುಕೊಂಡರೆ ತಪ್ಪುವುದಿಲ್ಲ.

ತಂತಿ, ಕರೆಂಟು, ಪಾಸ್‌ವರ್ಡ್

ಬಾಡಿಗೆ ಫ್ಲ್ಯಾಟಿನ ಬಾಗಿಲಿಗೆ ಮೆಮೊರಿ ಕಾರ್ಡ್ ಇರುವ ಒಂದು ವೈಫೈ ಕ್ಯಾಮೆರಾ ಸಾಕು. ಮನೆ ಬದಲಿಸುವಾಗ ಬಿಚ್ಚಿಕೊಂಡು ಹೋಗಬಹುದು. ಫ್ಯಾಕ್ಟರಿ, ಗೋಡೌನ್, ಸ್ವಂತ ಮನೆಗಾದರೆ ತಂತಿಯೇ ಮೇಲು. ಪಿಒಇ ವ್ಯವಸ್ಥೆಯಲ್ಲಿ ಒಂದೇ ನೆಟ್‌ವರ್ಕ್ ಕೇಬಲ್ ಕರೆಂಟನ್ನೂ ಚಿತ್ರವನ್ನೂ ಸಾಗಿಸುತ್ತದೆ, 100 ಮೀಟರ್‌ವರೆಗೆ. ಹಳೆಯ ಕೋಆ್ಯಕ್ಸ್ ಕೇಬಲ್ ಗೋಡೆಯೊಳಗೆ ಚೆನ್ನಾಗಿದ್ದರೆ ಕಿತ್ತೆಸೆಯಬೇಕಿಲ್ಲ, ಅದರ ಮೇಲೆ ನಡೆಯುವ ಎಚ್‌ಡಿ ಕ್ಯಾಮೆರಾಗಳಿವೆ. ಕರೆಂಟು ಹೋಗಿ ಜನರೇಟರ್ ಹತ್ತುವ ಆ ಒಂದೆರಡು ನಿಮಿಷಕ್ಕಾಗಿ ರೆಕಾರ್ಡರ್ ಮತ್ತು ಸ್ವಿಚ್ಚಿಗೆ ಸಣ್ಣ ಯುಪಿಎಸ್ ಇರಲೇಬೇಕು. ರೆಕಾರ್ಡರ್ ಕಣ್ಣಿಗೆ ಬೀಳುವಂತೆ ಮೇಜಿನ ಮೇಲೆ ಬೇಡ. ಕಳ್ಳ ಹೋಗುವಾಗ ಅದನ್ನೂ ಹೊತ್ತೊಯ್ದರೆ ಮುಗಿಯಿತು.

2016ರ ಅಕ್ಟೋಬರ್‌ನಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಪ್ರಪಂಚದ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್, ರೌಟರ್‌ಗಳನ್ನು ವಶಮಾಡಿಕೊಂಡಿತ್ತು. ಅವುಗಳಿಂದ ಡಿನ್ ಎಂಬ ಕಂಪನಿಯ ಮೇಲೆ ದಾಳಿ ಮಾಡಿಸಿ ಟ್ವಿಟ್ಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದಂತೆ ಮಾಡಿತು. ಅದರ ಕೈಯಲ್ಲಿದ್ದ ಆಯುಧ ಕಾರ್ಖಾನೆಯಲ್ಲೇ ಇಟ್ಟ ಸುಮಾರು 60 ಪಾಸ್‌ವರ್ಡ್‌ಗಳ ಪಟ್ಟಿ, ಅಷ್ಟೇ. ಕಾಕಾನ ರೆಕಾರ್ಡರಿನ ಪಾಸ್‌ವರ್ಡೂ ಅಂಥದೇ ಇತ್ತು. ಕ್ಯಾಮೆರಾ ಕೂರಿಸಿದವನ ಫೋನಿನಲ್ಲೂ ಅದರ ಆ್ಯಪ್ ತೆರೆದಿರುತ್ತಿತ್ತು. ಕೆಲಸ ಮುಗಿದ ದಿನವೇ ಪಾಸ್‌ವರ್ಡ್ ಬದಲಿಸಿ, ಕೂರಿಸಿದವನ ಖಾತೆ ಅಳಿಸಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ.

ಕೇಂದ್ರ ಸರ್ಕಾರ 2024ರ ಏಪ್ರಿಲ್ 9ರಂದು ಹೊರಡಿಸಿದ ಆದೇಶ ಒಂದು ವರ್ಷದ ನಂತರ ಜಾರಿಗೆ ಬಂತು. ಅದರಂತೆ ಸಿಸಿಟಿವಿ ಕ್ಯಾಮೆರಾಗಳು ಸೈಬರ್ ಸುರಕ್ಷತೆಯ ಪರೀಕ್ಷೆಯಲ್ಲೂ ಪಾಸಾಗಿರಬೇಕು. ಅಂಗಡಿಯಲ್ಲಿ ಬಿಐಎಸ್ ನೋಂದಣಿ ಸಂಖ್ಯೆ ಕೇಳಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಿ. ಹಳೆಯ ಸ್ಟಾಕು ಅರ್ಧ ಬೆಲೆಗೆ ಬಂದರೂ ಬೇಡ.

ಗಡಿಯಾರ

ಹುಡುಗ ಹೋಗಿ ಒಂದು ವಾರದ ಮೇಲೆ ಪಾಸ್‌ವರ್ಡ್ ಬದಲಿಸಲು ಕುಳಿತಿದ್ದೆ. ರೆಕಾರ್ಡರಿನ ಗಂಟೆ ನನ್ನ ಫೋನಿಗಿಂತ 47 ನಿಮಿಷ ಹಿಂದಿತ್ತು. ಆ ಆಕೃತಿ ಗೇಟು ದಾಟಿದ್ದು ಪರದೆಯ ಪ್ರಕಾರ ರಾತ್ರಿ 9.52, ಅಂದರೆ ನಿಜದಲ್ಲಿ 10.39. ಹಾಜರಿ ಯಂತ್ರದಲ್ಲಿ ಹುಡುಗ ಬೆರಳೊತ್ತಿ ಹೊರಟದ್ದು 10.05ಕ್ಕೆ. ಅರ್ಧ ಗಂಟೆ ಬಿಟ್ಟು ಮರಳಿ ಬಂದಿದ್ದನೇ? ಬಂದಿರಬಹುದು. ಆದರೆ ಅವನೇ ಎಂದು ಹೇಳಲು ನಮ್ಮಲ್ಲಿ ಏನೂ ಉಳಿದಿರಲಿಲ್ಲ. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ.

ರೆಕಾರ್ಡರ್ ಇಂಟರ್‌ನೆಟ್ಟಿನಿಂದ ತಾನೇ ಗಂಟೆ ಸರಿಪಡಿಸಿಕೊಳ್ಳುವ ಎನ್‌ಟಿಪಿ ಎಂಬ ಆಯ್ಕೆ ಬಹುತೇಕ ಎಲ್ಲ ರೆಕಾರ್ಡರ್‌ಗಳಲ್ಲೂ ಇರುತ್ತದೆ. ಒಂದು ಟಿಕ್ ಹಾಕಿದರೆ ಸಾಕು. ಮುಂದೆ ಪ್ರಕರಣ ಕೋರ್ಟಿಗೆ ಹೋದರೂ ಅದು ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ವಿಡಿಯೊದ ಪ್ರತಿಯನ್ನು ಸಾಕ್ಷ್ಯವಾಗಿ ಕೊಡುವಾಗ ನಿಗದಿತ ನಮೂನೆಯ ಪ್ರಮಾಣಪತ್ರ ಜೊತೆಗಿರಬೇಕು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದು ಬಿಟ್ ಬದಲಾದರೂ ಬೇರೆಯಾಗುತ್ತದೆ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ್ದಕ್ಕೆ ಈ ಬೆಲೆ ಇಲ್ಲ. ಘಟನೆ ನಡೆದ ದಿನವೇ ಮೂಲ ಫೈಲನ್ನು ಪೆನ್‌ಡ್ರೈವಿಗೆ ತೆಗೆದಿಟ್ಟು ಬಿಡಿ.

ಯಾರನ್ನು ನೋಡುತ್ತಿದ್ದೇವೆ?

ನಮ್ಮಲ್ಲಿ ಅನೇಕರು ಊರಿನ ಮನೆಗೂ ಕ್ಯಾಮೆರಾ ಹಾಕಿಸಿದ್ದೇವೆ. ನಾನೂ ನಡುಮನೆಯಲ್ಲಿ ಒಂದು ಹಾಕಿಸಿದ್ದೆ. ಒಂದು ದಿನ ಪರದೆ ಕಪ್ಪಾಯಿತು. ಗಾಬರಿಯಾಗಿ ಫೋನ್ ಮಾಡಿದರೆ ಅಮ್ಮ ಅದರ ಮೇಲೆ ಟವೆಲ್ ಹಾಕಿದ್ದರು. "ಸೆರಗು ಸರಿ ಮಾಡ್ಕೊಳ್ಳೋಕೂ ಒಳಗೆ ಹೋಗ್ಬೇಕೇನೋ?" ಅಂದರು. ಈಗ ಅದು ಜಗಲಿಯಲ್ಲಿದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ ಆ ಪ್ರಸಿದ್ಧ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮನೆಯ ವಾಸದ ಭಾಗದಲ್ಲಿ ಜೊತೆಗಿರುವವರ ಒಪ್ಪಿಗೆಯಿಲ್ಲದೆ ಕ್ಯಾಮೆರಾ ಹಾಕುವುದು ಅವರ ಖಾಸಗಿತನಕ್ಕೆ ಧಕ್ಕೆ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ತೀರ್ಪು ಕೊಟ್ಟಾಗ, ಅದರಲ್ಲಿ ಕೈಹಾಕಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ವಂತ ಮನೆಬಳಕೆಗೆ ಅನ್ವಯಿಸುವುದಿಲ್ಲ. ಅಂಗಡಿ, ಫ್ಯಾಕ್ಟರಿಗಳಿಗೆ ಆ ವಿನಾಯಿತಿ ಇಲ್ಲ. ಕಾನೂನು ಏನೇ ಇರಲಿ, ಕ್ಯಾಮೆರಾ ಇದೆ ಎಂದು ಹಿಂದಿಯಲ್ಲಿ ಒಂದು ಬೋರ್ಡು, ವಿಡಿಯೊ ಯಾರು ತೆರೆಯಬಹುದು ಎಂಬ ಒಂದು ನಿಯಮ, ಬಟ್ಟೆ ಬದಲಿಸುವ ಕೋಣೆಯ ಕಡೆ ತಿರುಗದ ಲೆನ್ಸ್, ಇಷ್ಟಂತೂ ಇರಬೇಕು.

ಕಾಕಾನ ಶೆಡ್ಡಿನಲ್ಲಿ ಈಗ ಎಂಟರ ಬದಲು ಐದು ಕ್ಯಾಮೆರಾ ಇವೆ. ಹಾಜರಿ ಯಂತ್ರದ ಎದುರು ಒಂದು, ಸ್ಟೋರಿನ ಬಾಗಿಲಿಗೆ ಒಂದು, ಗೇಟಿಗೆ 12 ಮಿ.ಮೀ. ಲೆನ್ಸಿನದೊಂದು, ಮಷಿನ್‌ಗಳ ಮೇಲೆ ಎರಡು. ಇನ್ಸರ್ಟ್ ಪೆಟ್ಟಿಗೆಗಳಿಗೆ ಬೀಗದ ಕಪಾಟು ಬಂದಿದೆ, ಕೊಟ್ಟು ತೆಗೆದುಕೊಂಡದ್ದಕ್ಕೆ ಸಹಿ ಹಾಕುವ ಪುಸ್ತಕವೂ ಬಂದಿದೆ. ಆ ಕಪಾಟು ಮೊದಲೇ ಇದ್ದಿದ್ದರೆ ಕ್ಯಾಮೆರಾ ನೋಡುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಪೆಟ್ಟಿಗೆಗಳು ಸಿಗಲಿಲ್ಲ. ಕಾಕಾ ಆ ಹುಡುಗನಿಗೆ ಫೋನ್ ಮಾಡಿ, ತಪ್ಪಾಯಿತು, ವಾಪಸ್ ಬಾ ಎಂದರು. ಬೇರೆ ಕಡೆ ಕೆಲಸ ಸಿಕ್ಕಿದೆ ಸಾಹೇಬ್ ಎಂದನಂತೆ. ನಾನು ಆ ಆ್ಯಪ್ ಮಾಡಿಕೊಟ್ಟ ಮುಖವನ್ನು ಫೋನಿನಿಂದ ಅಳಿಸಿದ್ದೇನೆ. ಅಂದು ಅದನ್ನು ಯಾರ್‍ಯಾರು ತಮ್ಮ ಫೋನಿಗೆ ಕಳಿಸಿಕೊಂಡಿದ್ದರೋ, ಅವರ ಹತ್ತಿರ ಈಗಲೂ ಇರಬಹುದು.